ಹದಿನೈದು ದಿನದ ನೆಂಟರು

ತಿಪಟೂರಿನಲ್ಲಿ ಬೆಂಗಳೂರಿನ ರೈಲು ಹತ್ತಿದರೆ ಬಾಣಸಂದ್ರ, ಅಮ್ಮಸಂದ್ರ, ನಿಟ್ಟೂರು ದಾಟುವವರೆಗೂ ಕಿಟಕಿಯ ಎರಡೂ ಬದಿಗೆ ಕಾಣುವುದು ಹೆಚ್ಚಾಗಿ ತೆಂಗಿನ ತೋಟಗಳೇ. ಆಮೇಲೆ ಬರುವುದು ಗುಬ್ಬಿ. ಗುಬ್ಬಿ ಎಂದೊಡನೆ ನಮಗೆ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ಆ ಕಂಪನಿ ಹುಟ್ಟುವುದಕ್ಕೂ ಬಹಳ ಮೊದಲು, 1837ರಲ್ಲಿ, ಥಾಮಸ್ ಹಾಡ್ಸನ್ ಎಂಬ ವೆಸ್ಲಿಯನ್ ಪಾದ್ರಿ ಇಲ್ಲಿ ಮಿಷನ್ ಕೇಂದ್ರವೊಂದನ್ನು ಆರಂಭಿಸಿದ್ದರು. ಎರಡು ವರ್ಷಗಳ ನಂತರ ಇಪ್ಪತ್ತರ ಹರೆಯದ ಐರಿಷ್ ತರುಣ ವಿಲಿಯಂ ಆರ್ಥರ್ ಅವರನ್ನು ಕೂಡಿಕೊಂಡರು. ಆರೋಗ್ಯ ಕೆಟ್ಟು 1841ರಲ್ಲೇ ಆರ್ಥರ್ ತಾಯ್ನಾಡಿಗೆ ಮರಳಿದರು. ತಮ್ಮ ಅನುಭವಗಳನ್ನು 1847ರಲ್ಲಿ 'ಎ ಮಿಷನ್ ಟು ದಿ ಮೈಸೂರ್' ಎಂಬ ಪುಸ್ತಕವಾಗಿ ಪ್ರಕಟಿಸಿದರು. ಹಾಡ್ಸನ್ನರಾದರೋ ಈ ನಾಡಿನ ಮಾತನ್ನು ಚೆನ್ನಾಗಿ ಕಲಿತು, 1859ರಲ್ಲಿ ಕನ್ನಡ ವ್ಯಾಕರಣವನ್ನೇ ಬರೆದರು.

ಅವರ ಧರ್ಮಪ್ರಚಾರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಒಂದು ಮಾತನ್ನು ಒಪ್ಪಬೇಕು. ಅಂದು ಬಂದವರು ಮೊದಲು ಭಾಷೆ ಕಲಿಯುತ್ತಿದ್ದರು, ಜನರೊಡನೆ ವರ್ಷಗಟ್ಟಲೆ ಇರುತ್ತಿದ್ದರು. ಮುಂದೆ 1876-78ರ ಭೀಕರ ಕ್ಷಾಮ ಬಂತು. ಆಗ ಈ ಕಡೆಗೆ ರೈಲು ಇರಲಿಲ್ಲ. ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು ಐವತ್ತೂವರೆ ಲಕ್ಷ. 1881ರ ಹೊತ್ತಿಗೆ ಅದು ನಲವತ್ತೆರಡು ಲಕ್ಷದಷ್ಟಕ್ಕೆ ಇಳಿದಿತ್ತು. ತಂದೆ ತಾಯಿ ಇಲ್ಲದೆ ಉಳಿದ ಮಕ್ಕಳಿಗಾಗಿ ಇದೇ ಮಿಷನ್ ತುಮಕೂರಿನಲ್ಲಿ ಹುಡುಗರಿಗೆ, ಹಾಸನದಲ್ಲಿ ಹುಡುಗಿಯರಿಗೆ ಅನಾಥಾಲಯ ತೆರೆಯಿತು.

ಈ ಹಳೆಯ ಕಥೆ ಈಗೇಕೆ ಎನ್ನಬಹುದು. ಹಡಗಿನಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣ ವಿಮಾನದಲ್ಲಿ ಒಂದು ದಿನದ್ದಾಗಿದೆ. ಅದರೊಡನೆ ಹೊಸದೊಂದು ರೂಢಿಯೂ ಬೆಳೆದಿದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಒಂದು ಕುಟುಂಬವನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ; ಅಲ್ಲಿ ನೆಲೆಸಿದ ನಮ್ಮವರೇ ಎಂದರೂ ಸರಿ. ತಂದೆ, ತಾಯಿ, ಇಬ್ಬರು ಮಕ್ಕಳು. ಶಾಲೆಗೆ ರಜೆ ಬಂದಾಗ ಚರ್ಚಿನ ಮೂಲಕ ಬಡದೇಶದ ಅನಾಥಾಲಯವೊಂದಕ್ಕೆ ಹದಿನೈದು ದಿನಕ್ಕೆ ಹೋಗುತ್ತಾರೆ. ಗೋಡೆಗೆ ಬಣ್ಣ ಬಳಿಯುತ್ತಾರೆ, ಹಾಡು ಕಲಿಸುತ್ತಾರೆ, ಪುಟ್ಟ ಮಕ್ಕಳನ್ನು ಎತ್ತಿ ಆಡಿಸುತ್ತಾರೆ. ಹೊರಡುವ ದಿನ ಎಲ್ಲರ ಕಣ್ಣಲ್ಲೂ ನೀರು. ಅವರ ಕರುಣೆ ನಿಜವಾದದ್ದೇ. ಆದರೆ ಮರುವಾರ ಇನ್ನೊಂದು ತಂಡ ಬರುತ್ತದೆ. ಮಗುವಿನ ಪಾಲಿಗೆ ಅದು ಮತ್ತೊಂದು ಅಪ್ಪುಗೆ, ಮತ್ತೊಂದು ಅಗಲಿಕೆ.

ಇದನ್ನು ವಿಜ್ಞಾನ ಏನೆನ್ನುತ್ತದೆ? ಮಗುವಿಗೆ ಅನ್ನದಷ್ಟೇ ಅಗತ್ಯವಾದದ್ದು ಬಿಟ್ಟುಹೋಗದ ಒಬ್ಬ ಹಿರಿಯರ ಆಸರೆ ಎಂದು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಗೆ ಕೊಟ್ಟ ವರದಿಯಲ್ಲಿ ವಿವರಿಸಿದ್ದರು. ರುಮೇನಿಯದ ಬುಖಾರೆಸ್ಟ್ ನಗರದಲ್ಲಿ 2000ದಲ್ಲಿ ಒಂದು ಅಧ್ಯಯನ ಆರಂಭವಾಯಿತು. ಅನಾಥಾಲಯಗಳ 136 ಮಕ್ಕಳನ್ನು ಚೀಟಿ ಎತ್ತಿದ ರೀತಿಯಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪನ್ನು ಸಾಕುಮನೆಗಳಿಗೆ ಕೊಟ್ಟರು. ಮನೆ ಸಿಕ್ಕ ಮಕ್ಕಳು ಬುದ್ಧಿಯ ಬೆಳವಣಿಗೆಯಲ್ಲೂ ಒಡನಾಟದಲ್ಲೂ ಮುಂದೆ ಬಂದರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚಾಗಿ ಕಂಡಿತು.

ಇನ್ನೊಂದು ಸಂಗತಿ ಇದೆ. ಇಂದು ಜಗತ್ತಿನ ಅನಾಥಾಲಯಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ. ಅವರನ್ನು ಅಲ್ಲಿಗೆ ತಂದದ್ದು ಸಾವಲ್ಲ, ಬಡತನ. ತೆಂಗಿನ ಮರ ಹತ್ತಿ ಕಾಯಿ ಕೆಡಹುವ ಕೂಲಿಯಾತ ಕೆಳಗೆ ಬಿದ್ದು ಸೊಂಟ ಮುರಿದುಕೊಂಡರೆ ಆ ಮನೆಯ ಮಕ್ಕಳ ಗತಿ ಏನು ಎಂಬುದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅನಾಥಾಲಯಕ್ಕೆ ಅತಿಥಿಗಳೂ ಹಣವೂ ಹರಿದು ಬರತೊಡಗಿದರೆ, ಕೆಲವೆಡೆ ಅದನ್ನು ತುಂಬಿಸಲೆಂದೇ ಬಡವರ ಮಕ್ಕಳನ್ನು ಪುಸಲಾಯಿಸಿ ತರುವ ದಂಧೆ ಬೆಳೆಯುತ್ತದೆ. ಆಸ್ಟ್ರೇಲಿಯ 2018ರಲ್ಲಿ ಇದನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಪರಿಗಣಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಅನಾಥಾಲಯ ಪ್ರವಾಸದಿಂದ ಮಕ್ಕಳಿಗಾಗುವ ಕೇಡಿನ ಬಗ್ಗೆ ಎಚ್ಚರಿಸಿತು. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆ ಹೇಳುವುದೂ ಇದನ್ನೇ: ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವಾಗಬೇಕು.

ವಿದೇಶೀಯರತ್ತ ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ಮಗನ ಹುಟ್ಟುಹಬ್ಬವನ್ನು ಅನಾಥಾಶ್ರಮದಲ್ಲಿ ಆಚರಿಸುವುದು ನಮ್ಮಲ್ಲೂ ರೂಢಿಯಾಗಿದೆ. ಅಲ್ಲಿಯ ಮಕ್ಕಳು ಸಾಲಾಗಿ ನಿಂತು, ತಮ್ಮದಲ್ಲದ ಹಬ್ಬಕ್ಕೆ ಚಪ್ಪಾಳೆ ತಟ್ಟಿ, ಒಂದು ತುಂಡು ಕೇಕಿಗೆ ಕೈಚಾಚುತ್ತಾರೆ. ಫೋಟೋ ಮೊಬೈಲಿನಲ್ಲಿ ಊರೆಲ್ಲ ಸುತ್ತುತ್ತದೆ. ರಕ್ಷಣೆಯಲ್ಲಿರುವ ಮಗುವಿನ ಗುರುತು ತಿಳಿಯುವಂತೆ ಚಿತ್ರ ಪ್ರಕಟಿಸುವುದು ಅದೇ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನು ಪೋಷಕರು ತಿಳಿದಿರಬೇಕು.

ಗುಬ್ಬಿ ದಾಟಿ ತುಮಕೂರಿನ ಆಚೆಗೆ ಹೋದರೆ ಸಿದ್ಧಗಂಗಾ ಮಠ. 1941ರಲ್ಲಿ ಮಠದ ಹೊಣೆ ಹೊತ್ತು 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಆಶ್ರಯದಲ್ಲಿ ಸಾವಿರಾರು ಬಡಮಕ್ಕಳು ಉಂಡು ಓದಿದರು. ಮಠಕ್ಕೆ ಭಕ್ತರು ಬಂದರು, ಹೋದರು. ಸ್ವಾಮಿಗಳು ಅಲ್ಲೇ ಇದ್ದರು. ಮಕ್ಕಳೂ ರಜೆ ಬಂದರೆ ತಮ್ಮ ತಮ್ಮ ಊರಿಗೆ ಹೋಗಿ ಅಪ್ಪ ಅಮ್ಮನನ್ನು ನೋಡಿ ಬರುತ್ತಿದ್ದರು. ಇರುವವರು ಇರುವುದು, ಮನೆಯ ನಂಟು ಕಡಿಯದಿರುವುದು: ಇವೆರಡೂ ದೊಡ್ಡ ಸಂಗತಿಗಳು.

ಹಾಗಾದರೆ ಸಹಾಯ ಮಾಡುವ ಮನಸ್ಸಿರುವ ಕುಟುಂಬ ಏನು ಮಾಡಬೇಕು? ವಿಮಾನದ ಖರ್ಚಿನಲ್ಲಿ ಅಡುಗೆಯವರಿಗೂ ಮಕ್ಕಳನ್ನು ನೋಡಿಕೊಳ್ಳುವ ಆಯಾಗಳಿಗೂ ಒಳ್ಳೆಯ ಸಂಬಳ ಕೊಡಬಹುದು. ಅದಕ್ಕಿಂತ ಮೇಲೆಂದರೆ, ಮಗು ತನ್ನ ಮನೆಯಲ್ಲೇ ಉಳಿದು ಶಾಲೆಗೆ ಹೋಗುವಂತೆ ವರ್ಷ ವರ್ಷವೂ ನೆರವಾಗುವುದು. ನಮ್ಮ ವಿದ್ಯಾರ್ಥಿಗಳಿಗಂತೂ ದೂರ ಹೋಗಬೇಕಾಗಿಲ್ಲ; ಪಕ್ಕದ ಬೀದಿಯ ಹುಡುಗನಿಗೆ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಭಾನುವಾರ ಭಾನುವಾರ ಲೆಕ್ಕ ಹೇಳಿಕೊಟ್ಟರೂ ಅದು ಸೇವೆಯೇ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಕಾಯುವ ನಮ್ಮ ಸೀಮೆಯ ಜನ, ಒಂದು ಮಗುವಿಗಾಗಿ ಇಷ್ಟು ಕಾಯಲಾರರೇ?