ಯಾತರ ಜಿಡ್ಡು?

ಬನದ ಹುಣ್ಣಿಮೆ ಹತ್ತಿರ ಬರುತ್ತಿದ್ದಂತೆ ಬಾದಾಮಿಯಲ್ಲಿ ವಯಸ್ಸಾದವರ ಹಿಮ್ಮಡಿಗಳು ಒಡೆಯತೊಡಗುತ್ತವೆ. ಪುಷ್ಯದ ಒಣಗಾಳಿ, ಕೆಂಪು ಧೂಳು, ಹಾಸುಗಲ್ಲಿನ ಥಂಡಿ ಇವುಗಳೆದುರಿಗೆ ಕೊಬ್ಬರಿ ಎಣ್ಣೆಯ ಆಟ ನಡೆಯುವುದಿಲ್ಲ. ಬನಶಂಕರಿಯ ಜಾತ್ರೆಗೆಂದು ಅಮೆರಿಕೆಯಿಂದ ಬಂದಿದ್ದ ಮೊಮ್ಮಗನ ಚೀಲದಲ್ಲಿ, ಕ್ಷೌರದ ಸಾಮಾನುಗಳ ನಡುವೆ, ಒಂದು ಪುಟ್ಟ ತಗಡಿನ ಡಬ್ಬಿ ಅಜ್ಜಿಯ ಕಣ್ಣಿಗೆ ಬಿದ್ದಿತು. ಒಳಗೆ ಹಳದಿ ಬಣ್ಣದ, ಮೇಣದಂಥ ಮುಲಾಮು. ಅಜ್ಜಿ ಕೇಳುವ ಗೋಜಿಗೆ ಹೋಗಲಿಲ್ಲ. ಮೊಮ್ಮಗನ ವಸ್ತುವೆಂದರೆ ಮನೆಯ ವಸ್ತುವೇ ಅಲ್ಲವೆ?

ಮೂರನೆಯ ದಿನ ಸಂಜೆ ಆಕೆ ಪ್ರಶಂಸೆಗೆ ತೊಡಗಿದಳು.

“ನಿನ್ನ ಮುಲಾಮು ಭಾಳ ಛಲೋ ಅದ ನೋಡೋ. ಹಿಮ್ಮಡಿ ಬೆಣ್ಣಿ ಆಗ್ಯಾವ.”

ಮೊಮ್ಮಗ ಗಾಬರಿಯಾದ. “ಅಜ್ಜಿ, ಅದು ಮುಲಾಮಲ್ಲ. ತೋಟಾಕ್ಕ ಹಚ್ಚೋ ಜಿಡ್ಡು.”

“ತೋಟಕ್ಕ ಯಾರರೆ ಜಿಡ್ಡು ಹಚ್ಚತಾರೇನೋ?”

“ಹೂವಿನ ತೋಟ ಅಲ್ಲಜ್ಜಿ. ಬಂದೂಕಿನ ತೋಟಾ.”

ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದ ಅಜ್ಜ ಕನ್ನಡಕವನ್ನು ಹಣೆಗೇರಿಸಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ ಅವರನ್ನು ಊರೆಲ್ಲ ಇಂದಿಗೂ ಮಾಸ್ತರರೆಂದೇ ಕರೆಯುತ್ತದೆ. “ಬಂದೂಕೇ? ಯಾರಿಗೆ ಹೊಡೀತಿಯೋ?” ಎಂದರು.

“ಕಾಗದಕ್ಕ, ಅಜ್ಜಾ. ರವಿವಾರ ಗುರಿ ಹೊಡೆಯೋ ಆಟ.”

ಆ ದೇಶದಲ್ಲಿ ಇದೊಂದು ಹವ್ಯಾಸ. ಹಾರಿಸಿದ ತೋಟಾದ ಹಿತ್ತಾಳೆಯ ಕೊಳವೆಯನ್ನು ಬಿಸುಡದೆ, ಹೊಸ ಮದ್ದು ಗುಂಡು ತುಂಬಿ ಮತ್ತೆ ಬಳಸುತ್ತಾರೆ. ಆದರೆ ಒಮ್ಮೆ ಸಿಡಿದ ಕೊಳವೆ ಉಬ್ಬಿರುತ್ತದೆ. ಅದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಒಣಗಿದ ಹಿತ್ತಾಳೆ ಉಕ್ಕನ್ನು ಬಿಗಿದಪ್ಪಿ ಕುಳಿತರೆ ಬಿಡಿಸುವುದು ಬ್ರಹ್ಮಪ್ರಯತ್ನವೇ. ಎಳೆಯಹೋದರೆ ಕೊಳವೆಯ ಅಂಚು ಕಿತ್ತುಬರುತ್ತದೆ. ಅದಕ್ಕಾಗಿ ಜಿಡ್ಡು. ಕಡಿಮೆಯಾದರೆ ಕೊಳವೆ ಸಿಕ್ಕಿಕೊಳ್ಳುತ್ತದೆ, ಹೆಚ್ಚಾದರೆ ಜಿಡ್ಡು ಅಚ್ಚಿನಲ್ಲಿ ಜಾಗವಿಲ್ಲದೆ ಕೊಳವೆಯ ಹೆಗಲಿಗೇ ತಗ್ಗು ಬೀಳಿಸುತ್ತದೆ. ಕೆಲಸ ಮುಗಿದ ಮೇಲೆ ಒರೆಸದೆ ಬಿಟ್ಟರಂತೂ ಮದ್ದಿಗೆ ತಗಲಿ ಅದನ್ನು ಕೆಡಿಸುತ್ತದೆ. ಕೆಲವರು ಮೇಣ ಬಳಸುತ್ತಾರೆ, ಕೆಲವರು ಔಡಲ ಎಣ್ಣೆಯನ್ನು ಬೆರೆಸಿಕೊಳ್ಳುತ್ತಾರೆ. ಹುಡುಗ ನಾಲ್ಕಾರು ಬಗೆಗಳನ್ನು ಪರೀಕ್ಷಿಸಿ ಈ ಡಬ್ಬಿಯನ್ನು ಆರಿಸಿದ್ದ. ಅದರ ಗುಣಗಳನ್ನು ಬಣ್ಣಿಸುವಾಗ ಅವನ ಮುಖದ ಕಳೆಯನ್ನು ಕಂಡವರು, ಕನ್ಯೆಯನ್ನು ನೋಡಿ ಬಂದವನೆಂದುಕೊಳ್ಳಬೇಕು.

ಅಜ್ಜಿ ಎಲ್ಲವನ್ನೂ ಕೇಳಿದಳು. ಬಳಿಕ ಒಂದೇ ಪ್ರಶ್ನೆ ಹಾಕಿದಳು.

“ಅದಿರಲಿ, ಇದು ಯಾತರ ಜಿಡ್ಡು?”

ಹುಡುಗ ನಿರುತ್ತರನಾದ. ಅಂಟುತನ, ಜಾರುವಿಕೆ, ಬೆಲೆ ಎಲ್ಲವೂ ಅವನಿಗೆ ಗೊತ್ತು, ಇದೊಂದು ಗೊತ್ತಿಲ್ಲ. ಅಜ್ಜಿಯಾದರೋ ಮೂರು ದಿನ ಅದೇ ಹಿಮ್ಮಡಿಗಳಿಂದ ಅಡುಗೆಮನೆಯಲ್ಲಿಯೂ ದೇವರ ಮನೆಯಲ್ಲಿಯೂ ತಿರುಗಾಡಿದ್ದಳು. ಆಕೆಯ ಮುಖ ಸಣ್ಣದಾಗಿತ್ತು. ಆತ ಡಬ್ಬಿಯನ್ನು ತಿರುವಿ, ತಳದ ಸಣ್ಣ ಅಕ್ಷರಗಳನ್ನು ದೀಪಕ್ಕೆ ಹಿಡಿದು ಓದಿದ. ಲ್ಯಾನೊಲಿನ್ ಎಂದಿತ್ತು.

“ಕುರಿದು, ಅಜ್ಜಿ.”

“ಕೊಯ್ದು ತಗದದ್ದೇ?”

“ಇಲ್ಲಿಲ್ಲ. ಕತ್ತರಿಸಿದ ಉಣ್ಣಿ ತೊಳೆದಾಗ ಬಿಡೋ ಜಿಡ್ಡು. ಕುರಿ ಮೇಯ್ಕೊಂತ ಆರಾಮ ಇರ್ತದ.”

“ಉಣ್ಣೀದೇ? ಹಂಗಾದರ ಕಂಬಳಿ ಇದ್ದಂಗ. ಮಡೀಗೆ ಬಂತು!” ಅಜ್ಜಿ ನಿಟ್ಟುಸಿರಿಟ್ಟು ದೀಪ ಹಚ್ಚಲು ಎದ್ದಳು. ಐದು ನಿಮಿಷಗಳಲ್ಲಿ ಪ್ರಕರಣ ಮುಗಿಯಿತು.

ಮಾಸ್ತರರಿಗೆ ಮಾತ್ರ ಅದು ಮುಗಿಯಲಿಲ್ಲ. 1857ರ ಪಾಠದಲ್ಲಿ ‘ಕೊಬ್ಬು ಸವರಿದ ತೋಟಾ’ ಎಂಬ ವಾಕ್ಯವನ್ನು ಅವರು ಮೂವತ್ತು ಸಲ ಹೇಳಿದ್ದರು. ಕೊಬ್ಬನ್ನು ಸವರಿದ್ದಾದರೂ ಏಕೆಂದು ಒಬ್ಬ ಹುಡುಗನೂ ಕೇಳಿರಲಿಲ್ಲ, ಅವರೂ ಯೋಚಿಸಿರಲಿಲ್ಲ. ಈಗ ಮೊಮ್ಮಗನನ್ನು ಕೇಳಿದರು. ಆತ ಕಾಗದವೊಂದನ್ನು ಸುರುಳಿ ಸುತ್ತಿ ತೋರಿಸಿದ. ಎನ್‌ಫೀಲ್ಡ್ ಬಂದೂಕಿನ ನಳಿಗೆಯೊಳಗೆ ತಿರುಚಿದ ಗಾಡಿಗಳಿದ್ದವು. ಗುಂಡನ್ನು ಬಾಯಿಯ ಕಡೆಯಿಂದ ಕೆಳಗಿಳಿಸಬೇಕು. ಎರಡು ಸುತ್ತು ಹಾರಿಸಿದರೆ ಮದ್ದಿನ ಮಸಿ ಒಳಗೆ ಗಟ್ಟಿಗಟ್ಟುತ್ತದೆ. ಮಸಿ ಮೆತ್ತಗಾಗಲಿ, ಗುಂಡು ಸಲೀಸಾಗಿ ಇಳಿಯಲಿ ಎಂದು ಕಾಗದದ ತೋಟಾದ ಗುಂಡಿನ ತುದಿಗೆ ಜಿಡ್ಡು. ಹಲ್ಲಿನಿಂದ ಹರಿಯುತ್ತಿದ್ದುದು ಮದ್ದಿನ ಕಡೆಯ ತುದಿ.

“ಅಂದರ ಜಿಡ್ಡು ಒಂದು ತುದಿಗೆ, ಹಲ್ಲು ಇನ್ನೊಂದು ತುದಿಗೆ!” ಎಂದು ಮಾಸ್ತರರು ಬೆರಗಾದರು. ಆದರೂ ಚೀಲದ ಸೆಕೆಯಲ್ಲಿ ಕರಗಿದ ಜಿಡ್ಡಿಗೆ ತುದಿಯ ಮಿತಿಯೇನು?

ಆ ರಾತ್ರಿ ಅವರು ಹಳೆಯ ಪುಸ್ತಕಗಳ ಧೂಳು ಕೊಡವಿದರು. ಜಿಡ್ಡಿನ ತೋಟಾಗಳು ಹಿಂದುಸ್ಥಾನಕ್ಕೆ ಮೊದಲು ಬಂದದ್ದು 1853ರಲ್ಲಿ, ಇಲ್ಲಿಯ ಬಿಸಿಲನ್ನು ಜಿಡ್ಡು ತಾಳುವುದೇ ಎಂದು ನೋಡುವುದಕ್ಕಾಗಿ. ಇಂಥ ತೋಟಾ ದೇಶೀ ಸಿಪಾಯಿಗಳ ಜಾತಿಗೆ ಅಡ್ಡಿಯಾಗದೆಂದು ಖಾತ್ರಿಯಾಗುವ ತನಕ ಕೊಡಬಾರದೆಂದು ಕರ್ನಲ್ ಟಕರ್ ಆ ವರ್ಷವೇ ಬರೆದಿದ್ದ. ಬಿಸಿಲಿನ ಪರೀಕ್ಷೆ ನಡೆಯಿತು. ಟಕರನ ಎಚ್ಚರಿಕೆ ಕಡತದಲ್ಲಿ ಮಲಗಿತು. 1857ರ ಜನವರಿಯಲ್ಲಿ ಡಮ್‌ಡಮ್‌ನಲ್ಲಿ ಸುದ್ದಿ ಹಬ್ಬಿದಾಗ ಸಿಪಾಯಿಗಳು ಕೇಳಿದ್ದೂ ಅಜ್ಜಿಯ ಪ್ರಶ್ನೆಯನ್ನೇ. ಕೊಬ್ಬು ಯಾವ ಪ್ರಾಣಿಯದೆಂದು ನೋಡಿಕೊಳ್ಳುವ ಎಚ್ಚರವನ್ನು ಯಾರೂ ವಹಿಸಿರಲಿಲ್ಲ; ಡಬ್ಬಿಯ ತಳ ತಿರುವಿ ಓದುವಂತೆಯೂ ಇರಲಿಲ್ಲ. ಜಿಡ್ಡಿಲ್ಲದ ತೋಟಾ ಕೊಡುತ್ತೇವೆ, ನಿಮಗೆ ಬೇಕಾದುದನ್ನು ನೀವೇ ಹಚ್ಚಿಕೊಳ್ಳಿ ಎಂದು ತಿಂಗಳ ಕೊನೆಗೆ ಅಪ್ಪಣೆಯಾಯಿತು. ಅಷ್ಟು ಹೊತ್ತಿಗೆ ಕಾಗದದ ಹೊಳಪಿನ ಮೇಲೂ ಸಂಶಯ ಕೂತಿತ್ತು. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಜನ ತೋಟಾ ಮುಟ್ಟಲಿಲ್ಲ. ಅಂದು ಕೊಡಹೋದದ್ದು ಹಳೆಯ ಬಗೆಯ ತೋಟಾಗಳೇ!

ಬೆಳಿಗ್ಗೆ ಚಹದ ಹೊತ್ತಿಗೆ ಮಾಸ್ತರರು ಮೊಮ್ಮಗನಿಗೆ ಹಲಗಲಿಯ ಕಥೆ ಹೇಳಿದರು. ಬಾದಾಮಿಯಂತೆಯೇ ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಆ ಊರು ಆಗ ಮುಧೋಳ ಸಂಸ್ಥಾನದ್ದು. ಉತ್ತರದ ದಂಗೆಯಿಂದ ಬೆದರಿದ ಸರಕಾರ ಅದೇ ವರ್ಷ ಆಯುಧಗಳ ಕಾಯಿದೆ ತಂದು ಹತಾರುಗಳನ್ನು ಒಪ್ಪಿಸಿರೆಂದಿತು. ಬೇಟೆಯಾಡಿ ಬಾಳುವ ಬೇಡರಿಗೆ ಹತಾರು ಎಂದರೆ ಅನ್ನ, ಮಾನ ಎರಡೂ. ಅವರು ಒಪ್ಪಿಸಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್‌ನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಒಟ್ಟು 19 ಜನರನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ಬರೆದು ಉಳಿಸಿದವನು, ಬಾದಾಮಿಯ ಚಾಲುಕ್ಯರ ಶಾಸನಗಳನ್ನೋದಿದ ಫ್ಲೀಟ್ ಸಾಹೇಬನೇ.

“ಅವರು ಕೊಡಲಾರದ್ದಕ್ಕ ಜೀವಾ ಕೊಟ್ಟರು. ನಿನಗದು ರವಿವಾರದ ಆಟ,” ಎಂದರು ಮಾಸ್ತರರು. ದನಿಯಲ್ಲಿ ಸಿಟ್ಟಿರಲಿಲ್ಲ. ಹುಡುಗ ಬಹಳ ಹೊತ್ತು ಚಹದ ಬಟ್ಟಲನ್ನೇ ನೋಡುತ್ತ ಕುಳಿತ.

ತೇರು ಎಳೆದ ಮೂರನೆಯ ದಿನ ಆತ ಹೊರಟನು. ಡಬ್ಬಿಯನ್ನು ಅಜ್ಜಿ ಮರಳಿಸಲಿಲ್ಲ, ಆತ ಕೇಳಲೂ ಇಲ್ಲ. ಈಗದು ಬಚ್ಚಲಮನೆಯ ಗೂಡಿನಲ್ಲಿ, ಔಡಲ ಎಣ್ಣೆಯ ಕುಪ್ಪಿಯ ಮಗ್ಗುಲಲ್ಲಿದೆ. ಅದರ ಮುಚ್ಚಳಕ್ಕೆ ಮಾಸ್ತರರು ಒಂದು ಚೀಟಿ ಅಂಟಿಸಿ, ತಮ್ಮ ದುಂಡನೆಯ ಅಕ್ಷರಗಳಲ್ಲಿ ‘ಕುರಿಯ ಉಣ್ಣೆಯ ಜಿಡ್ಡು’ ಎಂದು ಬರೆದಿಟ್ಟಿದ್ದಾರೆ.