ತಮ್ಮನ ಲ್ಯಾಪ್‌ಟಾಪೂ, ಮದುಮಗಳ ಕೆನ್ನೆಯ ಬಣ್ಣವೂ

ಸಾಫ್ಟ್‌ವೇರ್ ಇಂಜಿನಿಯರ್ ಅಂದಕೂಡಲೇ ನಮ್ಮೂರ ಕಡೆ ಒಂದು ನಂಬಿಕೆ ಇದೆ. ಕರೆಂಟಲ್ಲಿ ಓಡೋ ಎಲ್ಲಾ ವಸ್ತುಗಳೂ ಇವನಿಗೆ ಗೊತ್ತು ಅಂತ. ಊರಿಗೆ ಹೋದರೆ ಅತ್ತೆಯ ಮಿಕ್ಸಿಯಿಂದ ಹಿಡಿದು ಪಕ್ಕದ ಮನೆಯವರ ಟಿವಿ ರಿಮೋಟಿನ ತನಕ ಎಲ್ಲಾ ನನ್ನ ಮುಂದೆ ಬಂದು ಕೂರುತ್ತವೆ. ಹಾಗಾಗಿ ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಣ್ಣಾ, ಫೋಟೋ ಎಡಿಟಿಂಗಿಗೆ ಒಂದು ಲ್ಯಾಪ್‌ಟಾಪ್ ನೋಡಿಕೊಡು, 65 ಸಾವಿರದ ಒಳಗೆ" ಅಂದಾಗ ನನಗೇನೂ ಆಶ್ಚರ್ಯ ಆಗಲಿಲ್ಲ.

ಆದ್ರೆ ಈ 65 ಸಾವಿರ ಸುಮ್ಮನೆ ಬಂದದ್ದಲ್ಲ. ತಮ್ಮ ತೀರ್ಥಹಳ್ಳಿ ಕಡೆ ಮದುವೆ, ಉಪನಯನ, ಗೃಹಪ್ರವೇಶದ ಫೋಟೋ ತೆಗೀತಾನೆ. ಅರ್ಧ ದುಡ್ಡು ಅವನು ಎರಡು ಸೀಸನ್ನಿಂದ ಕೂಡಿಟ್ಟದ್ದು. ಇನ್ನರ್ಧ ಚಿಕ್ಕಪ್ಪ ಅಡಿಕೆ ಮಾರಿ, "ಇದೇ ಕೊನೆ ನೋಡು" ಅಂತ ಹೇಳಿ ಕೊಟ್ಟದ್ದು. ಚಿಕ್ಕಪ್ಪನ ಲೆಕ್ಕದಲ್ಲಿ ಫೋಟೋ ತೆಗೆಯೋದು ಕೆಲಸವೇ ಅಲ್ಲ, ತೋಟದ ಕೆಲಸ ತಪ್ಪಿಸಿಕೊಳ್ಳೋಕೆ ಒಂದು ನೆಪ!

ಅದರ ಮೇಲೆ ಹೋದ ವೈಶಾಖದಲ್ಲಿ ಒಂದು ಎಡವಟ್ಟು ಬೇರೆ ಆಗಿತ್ತು. ತಮ್ಮನ ಹಳೇ ಲ್ಯಾಪ್‌ಟಾಪಿನಲ್ಲಿ ಮದುಮಗಳ ಸೀರೆಯ ಕೆಂಪು ಮಂಕಾಗಿ ಕಂಡಿತಂತೆ. ಇವನು ಬಣ್ಣ ಏರಿಸಿದ, ಇನ್ನೂ ಸ್ವಲ್ಪ ಏರಿಸಿದ. ಆಲ್ಬಂ ಪ್ರಿಂಟಾಗಿ ಬಂದಾಗ ನೋಡಿದ್ರೆ, ಅರಿಶಿನ ಶಾಸ್ತ್ರ ಇನ್ನೂ ಮುಗಿದೇ ಇಲ್ಲವೇನೋ ಅನ್ನೋ ಹಾಗೆ ಮದುಮಗಳ ಮುಖ! ಮತ್ತೆ ಪ್ರಿಂಟ್ ಹಾಕಿಸಿದ ಖರ್ಚು ಇವನ ಜೇಬಿನಿಂದಲೇ ಹೋಯ್ತು. ಸಣ್ಣ ಊರು ಬೇರೆ. ಇನ್ನೊಂದು ಸಲ ಹೀಗಾದ್ರೆ ಇವನನ್ನ ಯಾರೂ ಕರೆಯೋಲ್ಲ.

ಸರಿ, ಒಂದು ಶನಿವಾರ ಎಸ್.ಪಿ. ರೋಡಿಗೆ ಹೋದೆ. ಫೋಟೋ ಎಡಿಟಿಂಗ್ ಅಂದದ್ದೇ ತಡ, ಅಂಗಡಿಯ ಹುಡುಗ ಒಂದು ಗೇಮಿಂಗ್ ಲ್ಯಾಪ್‌ಟಾಪ್ ತಂದಿಟ್ಟ. ಕೀಬೋರ್ಡಿನ ತುಂಬಾ ದೀಪಾವಳಿ. "ಗ್ರಾಫಿಕ್ಸ್ ಕಾರ್ಡ್ ಇದೆ ಸಾರ್, ಎಡಿಟಿಂಗಿಗೆ ಇದೇ ಬೆಸ್ಟು." ನಾನು ಮೊಬೈಲಲ್ಲಿ ಆ ಮಾಡೆಲ್ಲಿನ ಪೂರ್ತಿ ವಿವರ ತೆಗೆದು ನೋಡಿದೆ. ಸ್ಕ್ರೀನಿನ ಸಾಲಿನಲ್ಲಿ '45% ಎನ್‌ಟಿಎಸ್‌ಸಿ' ಅಂತಿತ್ತು.

ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಕೊಳ್ಳೋರು ಓದಲೇಬೇಕಾದ ಸಾಲು ಇದು. ಎನ್‌ಟಿಎಸ್‌ಸಿ ಅಂದ್ರೆ 1953ರ ಅಮೆರಿಕದ ಕಲರ್ ಟಿವಿಯ ಮಾನದಂಡ. ಇವತ್ತು ನಮ್ಮ ಮೊಬೈಲು, ವೆಬ್‌ಸೈಟು, ಹೆಚ್ಚಿನ ಫೋಟೋ ಲ್ಯಾಬುಗಳು ಎಲ್ಲಾ ನಂಬಿಕೊಂಡಿರೋದು 1996ರಲ್ಲಿ ಬಂದ ಎಸ್‌ಆರ್‌ಜಿಬಿಯನ್ನ. 72% ಎನ್‌ಟಿಎಸ್‌ಸಿ ಅಂದ್ರೆ ಹೆಚ್ಚೂಕಡಿಮೆ 100% ಎಸ್‌ಆರ್‌ಜಿಬಿ. 45% ಅಂದ್ರೆ ಅದರ ಮೂರನೇ ಎರಡು ಪಾಲಿಗಿಂತಲೂ ಕಮ್ಮಿ. ಅಂದ್ರೆ ಫೋಟೋದೊಳಗೆ ಕೆಂಪು ಇದ್ದೇ ಇದೆ, ತೋರಿಸೋ ಶಕ್ತಿ ಸ್ಕ್ರೀನಿಗಿಲ್ಲ. ತಮ್ಮ ಬಣ್ಣ ಏರಿಸುತ್ತಾ ಹೋದದ್ದು ಇದಕ್ಕೇ. 'ಐಪಿಎಸ್' ಅಂತ ಬರೆದದ್ದು ನೋಡಿ ಖುಷಿಪಡಬೇಡಿ, ಅದು ಪಕ್ಕದಿಂದ ನೋಡಿದ್ರೂ ಬಣ್ಣ ಹೆಚ್ಚು ಕೆಡೋದಿಲ್ಲ ಅಂತಷ್ಟೇ. 45%ನ ಐಪಿಎಸ್ ಸ್ಕ್ರೀನುಗಳು ಬೇಕಾದಷ್ಟಿವೆ.

ಆಮೇಲೆ ರ್‍ಯಾಮು. ತಮ್ಮನ ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದ್ದು, ಒಂದೊಂದು ರಾ ಫೈಲು 25ರಿಂದ 30 ಎಂಬಿ. ಲೈಟ್‌ರೂಮ್ ಕ್ಲಾಸಿಕ್ಕಿಗೆ ಕನಿಷ್ಠ 8 ಜಿಬಿ ಸಾಕು ಅಂತಾರೆ, ಆದ್ರೆ ಅವರೇ ಶಿಫಾರಸು ಮಾಡೋದು 16. 2025ರ ಕೊನೆಯ ಹೊತ್ತಿಗೆ ರ್‍ಯಾಮಿನ ಬೆಲೆ ಸಿಕ್ಕಾಪಟ್ಟೆ ಏರಿದ್ದರಿಂದ '8 ತಗೊಂಡು ಆಮೇಲೆ ಹಾಕಿಸಿದ್ರಾಯ್ತು' ಅನ್ನೋ ಉಪಾಯವೂ ಅಷ್ಟು ಲಾಭದ್ದಲ್ಲ. ಅದೂ ಅಲ್ದೆ ಈಗ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ರ್‍ಯಾಮನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಆಮೇಲೆ ಹಾಕಿಸೋಕೆ ಜಾಗವೇ ಇರೋಲ್ಲ.

ಕಂಪನಿಗಳು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪುಗಳನ್ನೂ ನೋಡಿದೆ. ಗಟ್ಟಿಮುಟ್ಟು, ಬೆಲೆಯೂ ಅರ್ಧ. ಆದ್ರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಇಂಟೆಲ್ಲಿನ 8ನೇ ತಲೆಮಾರಿಗಿಂತ ಹಳೇ ಪ್ರೊಸೆಸರುಗಳನ್ನ ವಿಂಡೋಸ್ 11 ಬಹುತೇಕ ಒಪ್ಪೋದಿಲ್ಲ. ಅಗ್ಗಕ್ಕೆ ಸಿಗ್ತಿದ್ದವುಗಳಲ್ಲಿ ಹಲವು ಅಂಥವೇ. ಬೇಡ ಅನ್ನಿಸಿತು.

ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ ಅಂತೇನಲ್ಲ. ಎಐ ಬಳಸಿ ಫೋಟೋದ ನಾಯ್ಸ್ ತೆಗೆಯುವಾಗ ಅದಿದ್ರೆ ಕೆಲಸ ಎಷ್ಟೋ ಬೇಗ ಆಗತ್ತೆ. ಆದ್ರೆ 65 ಸಾವಿರಕ್ಕೆ ಎಲ್ಲವೂ ಸಿಗೋಲ್ಲ, ಏನಾದರೊಂದು ಬಿಡಲೇಬೇಕು. ಕಾರ್ಡಿಲ್ಲದಿದ್ರೆ ತಮ್ಮ ಕಾಯ್ತಾನೆ, ಆ ಹೊತ್ತಿಗೆ ಒಂದು ಲೋಟ ಕಾಫಿ ಕುಡೀತಾನೆ. ಸ್ಕ್ರೀನು ಸುಳ್ಳು ಹೇಳಿದ್ರೆ ಮಾತ್ರ ಎಷ್ಟು ಕಾದರೂ ಉಪಯೋಗ ಇಲ್ಲ.

ಕೊನೆಗೆ ಬೇರೊಂದು ಅಂಗಡಿಯಲ್ಲಿ ಕಾರ್ಡ್ ಇಲ್ಲದ, ದೀಪಾವಳಿ ಇಲ್ಲದ, 16 ಜಿಬಿ ರ್‍ಯಾಮು, 512 ಜಿಬಿ ಎಸ್‌ಎಸ್‌ಡಿ, 100% ಎಸ್‌ಆರ್‌ಜಿಬಿ ಸ್ಕ್ರೀನಿನ ಒಂದು ಬೂದು ಲ್ಯಾಪ್‌ಟಾಪ್ 57 ಸಾವಿರಕ್ಕೆ ಸಿಕ್ಕಿತು. ಉಳಿದದ್ದರಲ್ಲಿ ಒಂದು ಹೊರಗಿನ ಹಾರ್ಡ್‌ಡಿಸ್ಕ್ ತಗೊಂಡೆ. ತಮ್ಮನಿಗೆ ಅದು ಅಷ್ಟು ಇಷ್ಟ ಆಗಲಿಲ್ಲ. "ಆ ದುಡ್ಡಿಗೆ ಒಂದು ಫ್ಲಾಶ್ ಬರ್ತಿತ್ತಲ್ಲ ಅಣ್ಣಾ" ಅಂದ. ಒಂದು ಮದುವೆಗೆ 1500 ಫೋಟೋ ಅಂದ್ರೆ 40 ಜಿಬಿ ಹತ್ತಿರ, ಹತ್ತು ಮದುವೆಗೆ ಎಸ್‌ಎಸ್‌ಡಿ ಭರ್ತಿ ಅಂತ ಲೆಕ್ಕ ಹೇಳಿದೆ. ಫ್ಲಾಶ್ ಇಲ್ಲದಿದ್ರೆ ಬಾಡಿಗೆಗೆ ತರಬಹುದು, ಕಳೆದುಹೋದ ಮದುವೆಯನ್ನ ಎಲ್ಲಿಂದ ತರೋದು? ಪ್ರತಿ ಮದುವೆಯದ್ದೂ ಎರಡು ಕಾಪಿ ಇಡು, ಎರಡೂ ಒಂದೇ ಬ್ಯಾಗಲ್ಲಿ ಬೇಡ ಅಂತ ಹೇಳಿ ಕಳಿಸಿದೆ. ಆಲ್ಬಂಗೆ ಮುಂಚೆ ನಾಲ್ಕು ಫೋಟೋ ಮಾತ್ರ ಪ್ರಿಂಟ್ ಹಾಕಿಸಿ ಸ್ಕ್ರೀನಿನ ಪಕ್ಕ ಹಿಡಿದು ನೋಡು ಅಂತಲೂ ಹೇಳಿದ್ದೆ.

ಹೋದ ವಾರ ಫೋನ್ ಮಾಡಿದ್ದ. ಬಣ್ಣ ಸರಿಯಾಗೇ ಇದೆಯಂತೆ, ಪ್ರಿಂಟು ಮಾತ್ರ ಒಂಚೂರು ಕಪ್ಪು. ಸ್ಕ್ರೀನಿನ ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟಿದ್ದಾನೆ! ಅರ್ಧಕ್ಕೆ ಇಳಿಸಿ ಇನ್ನೊಂದು ಸಲ ನೋಡು ಅಂದೆ. ಹೂಂ ಅಂದವನು, "ಅಪ್ಪಯ್ಯ ಆ ನಾಲ್ಕು ಫೋಟೋನೂ ಕನ್ನಡಕ ಹಾಕ್ಕೊಂಡು ನೋಡಿದ್ರು ಕಣೋ" ಅಂದ.

ಏನಂದ್ರು ಅಂತ ಕೇಳಿದೆ.

"ಏನೂ ಅನ್ಲಿಲ್ಲ. ಅವರದ್ದೂ ಅಮ್ಮಂದೂ ಮದುವೆ ಫೋಟೋ ತಂದು ಮೇಜಿನ ಮೇಲಿಟ್ಟು ಹೋದ್ರು. ಗೆದ್ದಲು ಹಿಡಿದಿದೆ, ಇದು ಸರಿ ಆಗತ್ತಾ ನೋಡು ಅಂತ."