ಸೋದರಮಾವ ಎಲ್ಲಿ ಹೋದ? (ಪ್ರಾಜೆಕ್ಟ್ ಡೈರಿ, ಭಾಗ 4)

ಫೈನಲ್ ಇಯರ್‌ನವರೇ, ಇವತ್ತಿನ ಕಥೆಯಲ್ಲಿ ತಪ್ಪು ನಂದೇ. ಪೂರ್ತಿ ಓದಿ, ನಿಮಗೂ ಬೇಕಾಗತ್ತೆ.

ನಮ್ಮ ಪ್ರಾಜೆಕ್ಟ್ ಗೊತ್ತಲ್ಲ? ಕನ್ನಡದ ಸಂಬಂಧಗಳ ಆಂಟಾಲಜಿ. ಯಾರು ಯಾರಿಗೆ ಏನಾಗಬೇಕು ಅನ್ನೋದನ್ನ ಕಂಪ್ಯೂಟರ್‌ಗೆ ಹೇಳಿಕೊಡೋದು. ಇಂಗ್ಲಿಷ್‌ನಲ್ಲಿ ಎಲ್ಲರೂ ಅಂಕಲ್. ನಮ್ಮಲ್ಲಿ ಹಾಗಲ್ಲ. ಅಮ್ಮನ ಅಣ್ಣ ತಮ್ಮಂದಿರು ಸೋದರಮಾವ, ಅಪ್ಪನ ಅಣ್ಣ ದೊಡ್ಡಪ್ಪ, ಅಪ್ಪನ ತಮ್ಮ ಚಿಕ್ಕಪ್ಪ.

ಬರೆದದ್ದು ಔಲ್‌ನಲ್ಲಿ, ಅಂದ್ರೆ ವೆಬ್ ಆಂಟಾಲಜಿ ಲ್ಯಾಂಗ್ವೇಜ್. 2004ರ ಮೊದಲ ಆವೃತ್ತಿಯಲ್ಲಿ 'ತಾಯಿ', 'ಸಹೋದರ' ಎರಡನ್ನೂ ಜೋಡಿಸಿದ್ರೆ 'ಸೋದರಮಾವ' ಅಂತ ಹೇಳೋಕೆ ದಾರಿ ಇರಲಿಲ್ಲ. 2009ರ ಔಲ್ 2ರಲ್ಲಿ ಪ್ರಾಪರ್ಟಿ ಚೈನ್ ಬಂತು. ಒಂದೇ ಸಾಲು ಸಾಕು. ಖುಷಿಯಿಂದ ಬರೆದ್ವಿ.

ಡೆಮೋ ಹಿಂದಿನ ರಾತ್ರಿ ಪೈಥಾನ್‌ನಲ್ಲಿ ಆರ್‌ಡಿಎಫ್‌ಲಿಬ್ ಹಾಕಿ ಫೈಲ್ ತೆರೆದೆ. ಎರರ್ ಇಲ್ಲ. 'ಈ ಹುಡುಗಿಯ ಸೋದರಮಾವ ಯಾರು?' ಅಂತ ಕೇಳಿದೆ. ಉತ್ತರ ಖಾಲಿ.

ನಾನು ಪಾರ್ಟ್ನರ್ ಕಡೆ ತಿರುಗಿ, "ಡೇಟಾ ಸರಿಯಾಗಿ ಹಾಕಿಲ್ಲ ನೀನು" ಅಂದುಬಿಟ್ಟೆ. ಅವಳು ಏನೂ ಮಾತಾಡಲಿಲ್ಲ. ಒಂದೊಂದೇ ಎಂಟ್ರಿ ಮತ್ತೆ ನೋಡಿದ್ಲು. ಮುಗಿದಾಗ ರಾತ್ರಿ ಮೂರು ಗಂಟೆ. ಒಂದು ತಪ್ಪೂ ಇರಲಿಲ್ಲ.

ಆಮೇಲೆ ಡಾಕ್ಯುಮೆಂಟೇಶನ್ ಓದಿದೆ. ಮೊದಲೇ ಓದಬೇಕಿತ್ತು. ಆರ್‌ಡಿಎಫ್‌ಲಿಬ್ ನಾವು ಕೊಟ್ಟ ಮಾಹಿತಿಯನ್ನ ಓದತ್ತೆ, ಇಟ್ಕೊಳ್ಳತ್ತೆ, ಕೇಳಿದ್ರೆ ಕೊಡತ್ತೆ. ಅದರಿಂದ ಹೊಸ ಸಂಬಂಧ ಕಂಡುಹಿಡಿಯೋದು ಅದರ ಕೆಲಸ ಅಲ್ಲ. ಕಪಾಟಲ್ಲಿ ಅಡುಗೆ ಪುಸ್ತಕ ಇದ್ದ ಮಾತ್ರಕ್ಕೆ ಸಾರು ಆಗಲ್ಲ, ಅಡುಗೆ ಮಾಡೋರು ಬೇಕು. ಔಲ್‌ನಲ್ಲಿ ಆ ಕೆಲಸ ರೀಸನರ್‌ದು.

ಔಲ್‌ರೆಡಿ2 ಹಾಕಿದ್ವಿ. ಅದರ ಜೊತೆಗೇ ಹರ್ಮಿಟ್ ಅನ್ನೋ ರೀಸನರ್ ಬರತ್ತೆ, ಅದಕ್ಕೆ ಜಾವಾ ಬೇಕು. ಓಡಿಸಿದ್ವಿ. ಮತ್ತೆ ಖಾಲಿ! ಈ ಸಲ ಬೈಯದೆ ಓದಿದೆ. ಪ್ರಾಪರ್ಟಿ ವ್ಯಾಲ್ಯೂಗಳನ್ನೂ ಊಹಿಸು ಅನ್ನೋ ಆಯ್ಕೆ ಡೀಫಾಲ್ಟ್ ಆಗಿ ಆಫ್ ಇರತ್ತೆ. ಆನ್ ಮಾಡಿದ ಕೂಡಲೇ ಮಾವ ಬಂದ.

ಚಿಕ್ಕಪ್ಪ ಮಾತ್ರ ಬರಲಿಲ್ಲ. ಅಪ್ಪನ ವಯಸ್ಸು, ಅವರ ತಮ್ಮನ ವಯಸ್ಸು ಹೋಲಿಸಿ ನೋಡೋ ನಿಯಮ ಔಲ್ 2ರಲ್ಲೇ ಬರೆಯೋಕಾಗಲ್ಲ. ಅದನ್ನ ಪೈಥಾನ್‌ನಲ್ಲಿ ಬೇರೆಯಾಗಿ ಬರೆದ್ವಿ.

ನೀವು ಲೈಬ್ರರಿ ಆರಿಸೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ನಂಗೆ ಬೇಕಾದ ನಿಯಮ ಭಾಷೆಯಲ್ಲೇ ಇದೆಯಾ? ಈ ಲೈಬ್ರರಿ ಅದನ್ನ ಬರೀ ಓದತ್ತಾ, ತರ್ಕಾನೂ ಮಾಡತ್ತಾ? ಮಾಡೋದಾದ್ರೆ ಆ ಆಯ್ಕೆ ಆನ್ ಇದೆಯಾ? ಆಮೇಲೆ ಉತ್ತರ ಗೊತ್ತಿರೋ ಮೂರು ಜನರ ಪುಟ್ಟ ಕುಟುಂಬ ಬರೆದು ಟೆಸ್ಟ್ ಮಾಡಿ. ಹತ್ತು ನಿಮಿಷದ ಕೆಲಸ.

ಇನ್ನೊಂದು ಮಾತು. ಔಲ್‌ನಲ್ಲಿ ಒಂದು ವಿಷಯ ಬರೆದಿಲ್ಲ ಅಂದ್ರೆ ಅದು ಸುಳ್ಳು ಅಂತಲ್ಲ, ಇನ್ನೂ ಗೊತ್ತಿಲ್ಲ ಅಂತ. ಸೆಮಿನಾರ್‌ನಲ್ಲಿ ಇದನ್ನ ವಿವರಿಸಿದವನು ನಾನೇ. ಆ ರಾತ್ರಿ ಖಾಲಿ ಪಟ್ಟಿ ನೋಡಿ 'ಇವಳು ಮಾಡಿಲ್ಲ' ಅಂತ ತೀರ್ಮಾನಿಸಿದವನೂ ನಾನೇ.

ಸಾರಿ ಕೇಳಿದ್ದೀನಿ. ಅವಳು, "ಇದನ್ನ ಕ್ಯಾಪ್ಶನ್‌ನಲ್ಲೂ ಬರಿ" ಅಂದ್ಲು. ಬರೆದಿದ್ದೀನಿ ನೋಡೇ.

ನೀವು ಯಾರ ಮೇಲೆ ಹೀಗೆ ತಪ್ಪು ಹೊರಿಸಿದ್ರಿ? ಕಾಮೆಂಟ್‌ನಲ್ಲಿ ಅವರನ್ನ ಟ್ಯಾಗ್ ಮಾಡಿ. ಭಾಗ 5ರಲ್ಲಿ ಅತ್ತೆಯ ಸರದಿ.

#ಪ್ರಾಜೆಕ್ಟ್‌ಡೈರಿ #ಕನ್ನಡದಲ್ಲಿಕೋಡಿಂಗ್